ಮಾತು ಬಾರದ ಮಗುವಿಗೂ ಹೇಳುವುದಿದೆ: ಆಟಿಸಂ ಮತ್ತು ಭಾಷೆ



ಮಗು ಹುಟ್ಟಿದ ಮನೆಯಲ್ಲಿ ಅದರ ಮೊದಲ ಮಾತಿಗಾಗಿ ಎಲ್ಲರೂ ಕಾಯುತ್ತಾರೆ. ಮೊದಲು 'ಅವ್ವ' ಎಂದೀತೋ 'ಅಪ್ಪ' ಎಂದೀತೋ ಎಂದು ಅಜ್ಜ ಅಜ್ಜಿಯರು ತಮ್ಮಲ್ಲೇ ಪಂದ್ಯ ಕಟ್ಟಿಕೊಳ್ಳುತ್ತಾರೆ. ವರ್ಷ ಎರಡು ಕಳೆದರೂ ಆ ಮಾತು ಬಾರದಿದ್ದಾಗ ನಮ್ಮ ಭಾಗದ ಮನೆಗಳಲ್ಲಿ ಎರಡು ಬಗೆಯ ನುಡಿಗಳು ಕೇಳಿಬರುತ್ತವೆ. 'ಗಂಡು ಹುಡುಗರು ಮಾತಾಡುವುದು ತಡ, ಇವನ ಅಪ್ಪನೂ ತಡವಾಗಿಯೇ ಮಾತಾಡಿದವನು' ಎಂಬ ಸಮಾಧಾನ ಮೊದಲನೆಯದು. 'ತಾಯಿ ಮಗುವನ್ನು ಸರಿಯಾಗಿ ಮಾತಾಡಿಸಲಿಲ್ಲ, ಇದು ಹಿಂದಿನ ಜನ್ಮದ ಕರ್ಮ' ಎಂಬ ದೂಷಣೆ ಎರಡನೆಯದು. ಸಮಾಧಾನದಿಂದ ಕಾಲ ಕಳೆಯುತ್ತದೆ; ದೂಷಣೆಯಿಂದ ತಾಯಿ ಒಳಗೊಳಗೇ ಕುಗ್ಗುತ್ತಾಳೆ. ಮಗುವಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ.

ಮಾತು ತಡವಾಗಲು ಕಾರಣಗಳು ಹಲವು. ಕಿವಿ ಕೇಳದಿರುವುದು ಒಂದು, ಬುದ್ಧಿಯ ಬೆಳವಣಿಗೆ ನಿಧಾನವಾಗಿರುವುದು ಇನ್ನೊಂದು, ಕೇವಲ ಭಾಷೆಯ ಬೆಳವಣಿಗೆ ಹಿಂದುಳಿದಿರುವುದು ಮತ್ತೊಂದು. ಆಟಿಸಂ ಕೂಡ ಅಂಥದೊಂದು ಕಾರಣ. ಜಗತ್ತಿನಲ್ಲಿ ಸರಿಸುಮಾರು 100 ಮಕ್ಕಳಲ್ಲಿ ಒಂದು ಮಗುವಿಗೆ ಆಟಿಸಂ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಈ ಲೆಕ್ಕದಂತೆ ಮನಗೂಳಿಯಂಥ ಊರಿನಲ್ಲಿ, ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲ್ಲೂಕುಗಳ ಹಳ್ಳಿ ಹಳ್ಳಿಗಳಲ್ಲಿ ಇಂಥ ಮಕ್ಕಳಿದ್ದಾರೆ. ಹಲವರನ್ನು ನಾವು ಗುರುತಿಸಿಲ್ಲ, ಅಷ್ಟೇ. ಆದುದರಿಂದ ಆಟಿಸಂಗೂ ಭಾಷೆಗೂ ಇರುವ ಸಂಬಂಧವನ್ನು ಭಕ್ತರೆಲ್ಲರೂ ತಿಳಿದಿರುವುದು ಅಗತ್ಯವೆಂದು ಭಾವಿಸಿ ಈ ಲೇಖನವನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಹೆಸರಿನಲ್ಲಿರುವ ತೊಡಕು

'ಆಟಿಸಂ' ಎಂಬ ಪದ 'ತಾನು' ಎಂಬರ್ಥದ ಗ್ರೀಕ್ ಮೂಲದಿಂದ ಬಂದಿದೆ. ಅದನ್ನು ಅನುಸರಿಸಿ ಕನ್ನಡದಲ್ಲಿ 'ಸ್ವಲೀನತೆ' ಎಂಬ ಪದ ಬಳಕೆಗೆ ಬಂದಿತು. ಪದ ಚೆನ್ನಾಗಿದ್ದರೂ ಅದರಿಂದ ಒಂದು ತಪ್ಪು ಕಲ್ಪನೆ ಹುಟ್ಟಬಹುದು. ಮಗು ತನ್ನಿಚ್ಛೆಯಿಂದ ತನ್ನಲ್ಲೇ ಲೀನವಾಗಿದೆ, ನಮ್ಮನ್ನು ಬೇಡವೆಂದು ದೂರವಿಟ್ಟಿದೆ ಎಂದು ಕೇಳಿದವರು ತಿಳಿಯುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಹುಟ್ಟಿನಿಂದಲೇ ಮಿದುಳಿನ ಬೆಳವಣಿಗೆ ಬೇರೊಂದು ದಾರಿಯಲ್ಲಿ ಸಾಗಿರುವುದರಿಂದ, ಇತರರೊಡನೆ ಸಂಪರ್ಕ ಬೆಳೆಸುವ ಬಗೆ ಆ ಮಗುವಿಗೆ ತಾನಾಗಿಯೇ ಒದಗಿ ಬಂದಿರುವುದಿಲ್ಲ. ಅನೇಕ ಮಕ್ಕಳು ಹತ್ತಿರ ಬರಲು ಬಯಸುತ್ತಾರೆ. ಹೇಗೆ ಬರಬೇಕೆಂದು ಅವರಿಗೆ ತಿಳಿಯದು.

ಅಮೆರಿಕೆಯ ಮಕ್ಕಳ ಮನೋವೈದ್ಯ ಲಿಯೊ ಕಾನರ್ 1943ರಲ್ಲಿ 11 ಮಕ್ಕಳ ಕುರಿತು ಬರೆದ ಪ್ರಬಂಧದಿಂದ ಈ ಸ್ಥಿತಿ ವೈದ್ಯಲೋಕದ ಗಮನಕ್ಕೆ ಬಂದಿತು. ಅವರಲ್ಲಿ ಎಂಟು ಮಕ್ಕಳಿಗೆ ಮಾತು ಬಂದಿತ್ತು, ಮೂವರಿಗೆ ಬಂದಿರಲಿಲ್ಲ. ಕಾನರ್ ಒಂದು ವಿಷಯವನ್ನು ಸ್ಪಷ್ಟವಾಗಿ ಗುರುತಿಸಿದರು: ಸಂಪರ್ಕದ ದೃಷ್ಟಿಯಿಂದ ನೋಡಿದರೆ ಮಾತು ಬಂದ ಮಕ್ಕಳಿಗೂ ಬಾರದ ಮಕ್ಕಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಪದಗಳು ಬಾಯಲ್ಲಿದ್ದರೂ ಅವುಗಳ ಮೂಲಕ ಇನ್ನೊಬ್ಬರನ್ನು ಮುಟ್ಟುವುದು ಅವರಿಗೆ ಕಷ್ಟವಾಗಿತ್ತು. ಆಟಿಸಂ ಎಂದರೆ ನಾಲಿಗೆಯ ದೋಷವಲ್ಲ ಎಂಬುದು ಅಂದೇ ಗೊತ್ತಾಯಿತು. ನಾಲಿಗೆಗೆ ಬಜೆ ತೇದು ಹಚ್ಚುವುದರಿಂದಾಗಲಿ, ನಾಲಿಗೆಯ ಕೆಳಗಿನ ಪೊರೆಯನ್ನು ಕತ್ತರಿಸುವುದರಿಂದಾಗಲಿ ಈ ಮಕ್ಕಳಿಗೆ ಮಾತು ಬಾರದಿರುವುದು ಇದೇ ಕಾರಣದಿಂದ.

ಕಾನರ್ ನಂತರದ ಕಾಲದಲ್ಲಿ ತಾಯಿಯ ಪ್ರೀತಿ ತಣ್ಣಗಿದ್ದುದೇ ಆಟಿಸಂಗೆ ಕಾರಣವೆಂಬ ವಾದವೊಂದು ಪಶ್ಚಿಮದಲ್ಲಿ ಹಬ್ಬಿ ಸಾವಿರಾರು ತಾಯಂದಿರನ್ನು ಕಣ್ಣೀರಿಗೆ ನೂಕಿತು. ಸ್ವತಃ ಆಟಿಸಂ ಇದ್ದ ಮಗುವಿನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲೆಂಡ್ 1964ರಲ್ಲಿ ಬರೆದ ಪುಸ್ತಕ ಆ ವಾದವನ್ನು ಬಲವಾಗಿ ಅಲುಗಾಡಿಸಿತು. 1977ರಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನವು ಇದರಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂದು ತೋರಿಸಿತು. ಲಸಿಕೆಯಿಂದ ಆಟಿಸಂ ಬರುತ್ತದೆಂದು 1998ರಲ್ಲಿ ಪ್ರಕಟವಾದ ಪ್ರಬಂಧವನ್ನು ಅದೇ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆದುದರಿಂದ ತಾಯಿಯನ್ನು ದೂರುವುದೂ ತಪ್ಪು, ಹೆದರಿ ಲಸಿಕೆ ತಪ್ಪಿಸುವುದೂ ತಪ್ಪು. ಮಗುವಿನ ಕೊರತೆಯನ್ನು ಹೆತ್ತವರ ಪಾಪದ ಫಲವೆಂದು ಆಡಿಕೊಳ್ಳುವುದು ಧರ್ಮದ ಮಾತಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಮಾತಿಗೆ ಮೊದಲಿನ ಮಾತು

ಭಾಷೆ ಬಾಯಿಂದ ಆರಂಭವಾಗುವುದಿಲ್ಲ. ಕೂಸು ತಾಯಿಯ ಮುಖ ನೋಡಿ ನಗುತ್ತದೆ; ಹೆಸರು ಕರೆದರೆ ತಿರುಗುತ್ತದೆ; ಹಾರುವ ಗಿಳಿಯನ್ನು ಬೆರಳಿಟ್ಟು ತೋರಿಸಿ, 'ನೀನೂ ನೋಡಿದೆಯಾ?' ಎಂಬಂತೆ ಅಜ್ಜಿಯ ಮುಖದತ್ತ ಹೊರಳುತ್ತದೆ. ಇಬ್ಬರೂ ಕೂಡಿ ಒಂದೇ ವಸ್ತುವನ್ನು ನೋಡುವ ಈ ಗಳಿಗೆಯಲ್ಲಿ ಅಜ್ಜಿ 'ಗಿಳಿ' ಎಂದು ಹೇಳಿದರೆ ಆ ಪದ ಆ ಹಕ್ಕಿಗೆ ಅಂಟಿಕೊಳ್ಳುತ್ತದೆ. ತಜ್ಞರು ಇದನ್ನು ಹಂಚಿಕೊಂಡ ಗಮನ ಎನ್ನುತ್ತಾರೆ. ಪದಗಳ ರಾಶಿ ಬೆಳೆಯುವುದು ಈ ನೆಲದ ಮೇಲೆ.

ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಹಂಚಿಕೆಯೇ ತಡವಾಗುತ್ತದೆ. ಮಗು ತಿರುಗುವ ಫ್ಯಾನನ್ನೋ ಬಂಡಿಯ ಗಾಲಿಯನ್ನೋ ತದೇಕಚಿತ್ತದಿಂದ ನೋಡುತ್ತಿರುತ್ತದೆ. ಅದೇ ಹೊತ್ತಿಗೆ ಅಜ್ಜಿ ಗಿಳಿ ತೋರಿಸಿದರೆ 'ಗಿಳಿ' ಎಂಬ ಶಬ್ದ ಗಾಳಿಯಲ್ಲಿ ಹೋಗುತ್ತದೆ. ಬೇಕಾದುದನ್ನು ಬೆರಳಿಟ್ಟು ತೋರಿಸುವ ಬದಲು ದೊಡ್ಡವರ ಕೈ ಹಿಡಿದೆಳೆದು ಆ ವಸ್ತುವಿನ ಮೇಲೆ ಇಡುವುದು ಇಂಥ ಮಕ್ಕಳಲ್ಲಿ ಹಲವು ಬಾರಿ ಕಾಣುವ ರೂಢಿ.

ಹೆತ್ತವರೂ ಅಂಗನವಾಡಿ ಕಾರ್ಯಕರ್ತೆಯರೂ ನೆನಪಿಡಬೇಕಾದ ಸೂಚನೆಗಳು ಹೀಗಿವೆ. 12 ತಿಂಗಳಾದರೂ ಹೆಸರು ಕರೆದಾಗ ತಿರುಗದಿರುವುದು, 'ಬಬ', 'ದದ' ಎಂದು ತೊದಲದಿರುವುದು, ಟಾಟಾ ಮಾಡುವುದು, ಬೆರಳಿಟ್ಟು ತೋರಿಸುವುದು ಮುಂತಾದ ಸನ್ನೆಗಳಿಲ್ಲದಿರುವುದು. 16 ತಿಂಗಳಾದರೂ ಒಂದೂ ಪದ ಬಾರದಿರುವುದು. 24 ತಿಂಗಳಾದರೂ ತಾನಾಗಿ ಎರಡು ಪದ ಕೂಡಿಸಿ ಆಡದಿರುವುದು. ಯಾವುದೇ ವಯಸ್ಸಿನಲ್ಲಿ ಬಂದ ಮಾತು ನಿಂತುಹೋಗುವುದು. ಇವುಗಳಲ್ಲಿ ಒಂದು ಕಂಡೊಡನೆ ಆಟಿಸಂ ಎಂದು ನಿರ್ಧರಿಸಬಾರದು. ಮೊದಲು ಶ್ರವಣ ಪರೀಕ್ಷೆಯಾಗಬೇಕು. ಬಾಗಿಲು ಬಡಿದರೆ ಬೆಚ್ಚುತ್ತದೆ, ಆದುದರಿಂದ ಕಿವಿ ಸರಿಯಿದೆ ಎಂದು ಮನೆಯಲ್ಲೇ ತೀರ್ಮಾನಿಸಲಾಗದು. ಮಗು ಮಲಗಿದ್ದಾಗಲೇ ಮಾಡಬಹುದಾದ 'ಬೆರಾ'ದಂಥ ಪರೀಕ್ಷೆಗಳಿವೆ.

'ನೀರ ಬೇಕೇನ?' ಎಂದು ಮಗು ಕೇಳಿದಾಗ

ಮಾತು ಬಂದ ಮಕ್ಕಳಲ್ಲೂ ಆಟಿಸಂನ ಗುರುತು ಭಾಷೆಯಲ್ಲೇ ಇರುತ್ತದೆ. ನಮ್ಮ ಕನ್ನಡದಲ್ಲಿ ಅದು ಹೇಗೆ ತೋರುತ್ತದೆಂಬುದನ್ನು ಕೊಂಚ ವಿವರವಾಗಿ ನೋಡೋಣ.

ಮೊದಲನೆಯದು ಮರುನುಡಿ. ಕೇಳಿದ ಮಾತನ್ನು ಮಗು ಹಾಗೆಯೇ ಹಿಂದಿರುಗಿಸುತ್ತದೆ. ತಾಯಿ ದಿನವೂ 'ನೀರ ಬೇಕೇನ?' ಎಂದು ಕೇಳಿ ನೀರು ಕೊಡುತ್ತಾಳೆ. ಕೆಲ ದಿನಗಳ ಮೇಲೆ ಬಾಯಾರಿದ ಮಗು ತಾನೇ ಬಂದು 'ನೀರ ಬೇಕೇನ?' ಎನ್ನುತ್ತದೆ. ಕೇಳಿದವರು ನಗುತ್ತಾರೆ, ಇಲ್ಲವೇ 'ಅರ್ಥವಿಲ್ಲದ ಗಿಳಿಪಾಠ' ಎಂದು ತಳ್ಳಿಹಾಕುತ್ತಾರೆ. ಮಗುವಿನ ಕಡೆಯಿಂದ ನೋಡಿದರೆ ಅದರಲ್ಲಿ ತಪ್ಪಿಲ್ಲ: ಈ ಶಬ್ದಗಳು ಕೇಳಿದಾಗಲೆಲ್ಲ ನೀರು ಬಂದಿದೆ, ಆದುದರಿಂದ ಇವೇ ನೀರಿನ ಮಾತುಗಳು. 1980ರ ದಶಕದಲ್ಲಿ ಬ್ಯಾರಿ ಪ್ರಿಜಾಂಟ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಇಂಥ ಮರುನುಡಿಗಳನ್ನು ಮಕ್ಕಳು ಬೇಡಿಕೆ, ಒಪ್ಪಿಗೆ, ಸರದಿ ಕಾಯುವಿಕೆ, ತಮ್ಮನ್ನು ತಾವೇ ಸಂತೈಸಿಕೊಳ್ಳುವಿಕೆ ಮೊದಲಾದ ಉದ್ದೇಶಗಳಿಗೆ ಬಳಸುತ್ತಾರೆಂದು ತೋರಿಸಿದವು. ಆದುದರಿಂದ ಮರುನುಡಿಯುವ ಮಗುವನ್ನು ಗದರಿಸಿ ಸುಮ್ಮನಿರಿಸುವುದು ಬರುತ್ತಿರುವ ಭಾಷೆಗೆ ಅಡ್ಡಗಟ್ಟೆ ಹಾಕಿದಂತೆ.

ಎರಡನೆಯದು 'ನಾನು', 'ನೀನು'ಗಳ ಅದಲುಬದಲು. ಕನ್ನಡದಲ್ಲಿ ಕರ್ತೃಪದವನ್ನು ಬಿಟ್ಟು ಮಾತಾಡುವುದು ಸಹಜ; ಯಾರು ಎಂಬುದನ್ನು ಕ್ರಿಯಾಪದದ ಕೊನೆಯೇ ಹೇಳುತ್ತದೆ. 'ಬಂದೆ' ಎಂದರೆ ನಾನು, 'ಬಂದಿ' ಎಂದರೆ ನೀನು, 'ಬಂದಳು' ಎಂದರೆ ಅವಳು. ಅವ್ವ 'ಉಣ್ತೀ?' ಎಂದು ಕೇಳಿದರೆ ಮಗು 'ಉಣ್ತೀನಿ' ಎನ್ನುವ ಬದಲು 'ಉಣ್ತೀ' ಎನ್ನುತ್ತದೆ. ಹೀಗೆ ಇಂಗ್ಲಿಷಿನಲ್ಲಿ ಸರ್ವನಾಮದಲ್ಲಿ ಎದ್ದು ಕಾಣುವ ತೊಡಕು ನಮ್ಮಲ್ಲಿ ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ. ದೊಡ್ಡವರು ಇದನ್ನು ಗಮನಿಸದೆ ಹೋಗುವ ಸಾಧ್ಯತೆ ಹೆಚ್ಚು. ನಮ್ಮ ಮನೆಗಳ ಸಂಬಂಧವಾಚಕಗಳೂ ಹೀಗೆಯೇ: ಒಬ್ಬನೇ ಮನುಷ್ಯ ಮಗುವಿಗೆ ಮಾಮಾ, ತಾಯಿಗೆ ಅಣ್ಣ, ಅಜ್ಜಿಗೆ ಮಗ. ಆಡುವವರು ಬದಲಾದಂತೆ ಹೆಸರೂ ಬದಲಾಗುವ ಈ ಆಟವನ್ನು ಉಳಿದ ಮಕ್ಕಳು ಕೇಳಿ ಕೇಳಿ ಕಲಿತುಬಿಡುತ್ತಾರೆ; ಈ ಮಕ್ಕಳಿಗೆ ಬಿಡಿಸಿ ತೋರಿಸಬೇಕಾಗುತ್ತದೆ.

ಮೂರನೆಯದು ಮಾತನ್ನು ಅಕ್ಷರಶಃ ಹಿಡಿಯುವುದು. ಮನೆಗೆ ಬಂದ ನೆಂಟರು ಹೊರಡುವಾಗ 'ಹೋಗಿ ಬರ್ತೀವ್ರಿ' ಎನ್ನುತ್ತಾರೆ. 'ಹೋಗುತ್ತೇವೆ' ಎಂದಷ್ಟೇ ಹೇಳುವುದು ಅಶುಭವೆಂದು ನಮ್ಮ ಹಿರಿಯರು ಕಂಡುಕೊಂಡ ಸೊಗಸಾದ ರೀತಿ ಅದು. ಆಟಿಸಂ ಇರುವ ಮಗು ಅದನ್ನು ನಂಬಿ ಬಾಗಿಲಲ್ಲಿ ಕಾಯುತ್ತಾ ನಿಂತೀತು, ಸಂಜೆಯಾದರೂ ಅವರು ಬಾರದಿದ್ದರೆ ಅತ್ತೀತು. 'ನನ್ನ ತಲೆ ತಿನ್ನಬೇಡ' ಎಂದರೆ ಗಾಬರಿಯಾದೀತು. 'ಅವನು ಕೈ ಕೊಟ್ಟ' ಎಂದರೆ ಯಾವ ಕೈ ಎಂದು ಕೇಳೀತು. ಇದನ್ನು ಮೊಂಡುತನವೆಂದು ಬಗೆಯಬಾರದು. ಪದದ ಅರ್ಥ ಅದಕ್ಕೆ ಗೊತ್ತು. ಆಡಿದವರ ಮನದ ಇಂಗಿತವನ್ನು ದನಿಯಿಂದ, ಮುಖಭಾವದಿಂದ, ಸಂದರ್ಭದಿಂದ ಊಹಿಸುವುದು ಕಷ್ಟ. ಕಾನರ್ ಕಂಡ ಮೊದಲ ಬಾಲಕ ಡೊನಾಲ್ಡ್‌ನ ಉದಾಹರಣೆ ಪ್ರಸಿದ್ಧವಾಗಿದೆ. 'ಹೆಗಲ ಮೇಲೆ ಕೂರಿಸಿಕೊಳ್ಳಲೇ? ಬೇಕಿದ್ದರೆ ಹೌದು ಎನ್ನು' ಎಂದು ತಂದೆ ಕಲಿಸಿದರು. ಅಂದಿನಿಂದ ಆ ಮಗುವಿನ ಪಾಲಿಗೆ 'ಹೌದು' ಎಂಬ ಪದದ ಅರ್ಥವೇ 'ಹೆಗಲ ಮೇಲೆ ಕೂರಿಸಿಕೋ' ಎಂದಾಯಿತು.

ನಾಲ್ಕನೆಯದು ಓದಿನ ವಿಸ್ಮಯ. ಕೆಲವು ಮಕ್ಕಳು ಸರಾಗವಾಗಿ ಮಾತಾಡುವ ಮೊದಲೇ ಅಕ್ಷರಗಳನ್ನು ಗುರುತಿಸುತ್ತಾರೆ. ಬಸ್ಸಿನ ಬೋರ್ಡು, ಅಂಗಡಿಯ ಫಲಕಗಳನ್ನು ತಪ್ಪಿಲ್ಲದೆ ಓದುತ್ತಾರೆ. ಓದಿದುದರ ಅರ್ಥ ತಿಳಿದಿದೆಯೆಂದು ಇದರಿಂದ ಹೇಳಲಾಗದು. ಆದರೂ ಬರೆದ ಅಕ್ಷರ ಗಾಳಿಯಲ್ಲಿ ಕರಗದೆ ಕಣ್ಣೆದುರೇ ನಿಲ್ಲುವುದರಿಂದ ಇಂಥ ಮಗುವಿಗೆ ಭಾಷೆ ಕಲಿಸಲು ಅದೊಂದು ಒಳ್ಳೆಯ ಬಾಗಿಲಾಗಬಲ್ಲದು.

ಮೊಬೈಲಿನ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಇಂಗ್ಲಿಷ್ ರೈಮ್ಸ್‌ಗಳನ್ನು ಆದಿಯಿಂದ ಅಂತ್ಯದವರೆಗೆ ಒಪ್ಪಿಸುವ ಮಗು 'ನೀರು' ಎಂದು ಕೇಳಲಾರದಿರುವುದನ್ನು ಹಲವರು ಕಂಡಿದ್ದೀರಿ. ಮೊಬೈಲ್ ನೋಡಿದ್ದರಿಂದಲೇ ಆಟಿಸಂ ಬರುತ್ತದೆಂಬುದು ಸಾಬೀತಾಗಿಲ್ಲ. ಆದರೆ ಮೊಬೈಲು ಮಗುವಿನ ಮುಖ ನೋಡುವುದಿಲ್ಲ, ಮಗುವಿನ ಸರದಿಗಾಗಿ ಕಾಯುವುದಿಲ್ಲ. ಮನುಷ್ಯರೊಡನೆ ಕಳೆಯಬೇಕಾದ ಹೊತ್ತನ್ನು ಅದು ತಿನ್ನುತ್ತದೆ.

ಯಾವ ಭಾಷೆಯಲ್ಲಿ ಮಾತಾಡಿಸಬೇಕು?

ಮಗುವನ್ನು ಕರೆದುಕೊಂಡು ಬರುವ ತಂದೆ ತಾಯಿಗಳು ಕೇಳುವ ಪ್ರಶ್ನೆಗಳಲ್ಲಿ ಇದು ಮುಖ್ಯವಾದುದು. ವಿಜಯಪುರ ಜಿಲ್ಲೆಯಲ್ಲಿ ಮನೆಯ ಮಾತು ಕನ್ನಡವಾದರೆ ಓಣಿಯಲ್ಲಿ ಉರ್ದು, ಗಡಿಭಾಗದಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಶಾಲೆಯಲ್ಲಿ ಇಂಗ್ಲಿಷ್. ಇಷ್ಟೆಲ್ಲ ಭಾಷೆಗಳಿಂದ ಮಗು ಗೊಂದಲಗೊಂಡಿದೆ, ಮನೆಯಲ್ಲೂ ಇಂಗ್ಲಿಷ್ ಒಂದನ್ನೇ ಆಡಿರಿ ಎಂದು ಸಲಹೆ ಕೊಡುವವರಿದ್ದಾರೆ. ಹೆತ್ತವರು ಅದನ್ನು ನಂಬಿ, ತಮಗೆ ಅರೆಬರೆ ಬರುವ ಇಂಗ್ಲಿಷಿನ ನಾಲ್ಕು ಆಜ್ಞೆಗಳಲ್ಲೇ ಮಗುವಿನೊಡನೆ ವ್ಯವಹರಿಸುತ್ತಾರೆ. 'ಕಮ್', 'ಸಿಟ್', 'ನೋ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇಂಗ್ಲಿಷ್ ಬಾರದ ಅಜ್ಜಿ ಮೊಮ್ಮಗುವಿನೊಡನೆ ಮಾತು ನಿಲ್ಲಿಸುತ್ತಾಳೆ. ಮಾತಿನ ಕೊರತೆಯಿರುವ ಮಗುವಿನ ಸುತ್ತ ಮಾತು ಇನ್ನಷ್ಟು ಬತ್ತುತ್ತದೆ.

ಸಂಶೋಧನೆ ಹೇಳುವುದು ಬೇರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೂ ಆನಂತರದ ಹಲವು ಅಧ್ಯಯನಗಳೂ ಎರಡು ಭಾಷೆಗಳ ನಡುವೆ ಬೆಳೆದ ಆಟಿಸಂ ಮಕ್ಕಳ ಭಾಷೆ, ಒಂದೇ ಭಾಷೆಯಲ್ಲಿ ಬೆಳೆದ ಆಟಿಸಂ ಮಕ್ಕಳ ಭಾಷೆಗಿಂತ ಹಿಂದುಳಿದಿಲ್ಲವೆಂದು ಕಂಡುಕೊಂಡಿವೆ. ಆದುದರಿಂದ ಹೆದರಬೇಕಾಗಿಲ್ಲ. ಹೆತ್ತವರು ಯಾವ ಭಾಷೆಯಲ್ಲಿ ಅಳುತ್ತಾರೋ ನಗುತ್ತಾರೋ ಮುದ್ದಿಸುತ್ತಾರೋ ಆ ಭಾಷೆಯಲ್ಲೇ ಮಗುವನ್ನು ಮಾತಾಡಿಸಲಿ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಂಗಡದ ಶರಣರೂ 12ನೆಯ ಶತಮಾನದಲ್ಲಿ ಅತ್ಯುನ್ನತ ಅನುಭಾವವನ್ನು ಜನರಾಡುವ ಕನ್ನಡದಲ್ಲೇ ಹೇಳಿದರು. ಮನೆಯ ಮಾತಿನ ಶಕ್ತಿಯನ್ನು ಅರಿಯಲು ನಮಗೆ ಬೇರೆ ನಿದರ್ಶನ ಬೇಕಿಲ್ಲ.

ಮಾತಾಡಿಸುವ ರೀತಿ ಮಾತ್ರ ಸ್ವಲ್ಪ ಬದಲಾಗಬೇಕು. ಮಗು ನೋಡುತ್ತಿರುವುದನ್ನೇ ನಾವೂ ನೋಡಿ ಅದರ ಹೆಸರು ಹೇಳಬೇಕು. ಗಾಲಿ ನೋಡುತ್ತಿದ್ದರೆ 'ಗಾಲಿ. ಗಾಲಿ ತಿರುಗ್ತದ' ಎನ್ನಬೇಕು. ವಾಕ್ಯ ಚಿಕ್ಕದಿರಲಿ, ನಿಧಾನವಿರಲಿ. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. 'ಏನಿದು? ಯಾರಿವರು? ಹೇಳು, ಹೇಳು' ಎಂದು ಪರೀಕ್ಷೆ ಮಾಡುವುದನ್ನು ಕಡಿಮೆ ಮಾಡಬೇಕು. ಮರುನುಡಿಯುವ ಮಗುವಿಗೆ ಪ್ರಶ್ನೆ ಕೇಳುವುದಕ್ಕಿಂತ ಅದರ ಬಾಯಿಂದ ಬರಬೇಕಾದ ಮಾತನ್ನೇ ನಾವು ಆಡಿ ತೋರಿಸುವುದು ಲೇಸು. 'ನೀರ ಬೇಕೇನ?' ಎನ್ನುವ ಬದಲು 'ನೀರ ಬೇಕು' ಎಂದು ಹೇಳಿ ಲೋಟ ಕೈಗಿಡಬೇಕು. ಕನ್ನಡದಲ್ಲಿ 'ಬೇಕು', 'ಬೇಡ', 'ಸಾಕು' ಎಂಬ ಪದಗಳು ನಾನು ನೀನು ಎಂಬುದಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಮೊದಲ ಪಾಠಕ್ಕೆ ಇವು ಬಹಳ ಅನುಕೂಲ. ಇವುಗಳಲ್ಲಿ 'ಬೇಡ' ಎಂಬುದನ್ನು ಮರೆಯದೆ ಕಲಿಸಬೇಕು. ಬೇಡವೆಂದು ಹೇಳಲಾರದ ಮಗು ಕಚ್ಚಿ, ಹೊಡೆದು, ತಲೆ ಚಚ್ಚಿಕೊಂಡು ಅದನ್ನು ಹೇಳಬೇಕಾಗುತ್ತದೆ.

ಮಾತು ಬಾರದೇ ಉಳಿದರೆ

ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಭಾಗದಿಂದ ಮೂರರಲ್ಲಿ ಒಂದು ಭಾಗದವರೆಗೆ ಬಾಯಿಮಾತು ಇಲ್ಲದೆಯೋ ಕೆಲವೇ ಪದಗಳೊಂದಿಗೋ ಬೆಳೆಯುತ್ತಾರೆ. ಈ ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ನಾಲ್ಕು ವರ್ಷಕ್ಕೆ ಮಾತು ಬಾರದಿದ್ದರೆ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವುದೂ ಸರಿಯಲ್ಲ. ಅಮೆರಿಕೆಯಲ್ಲಿ ನಾಲ್ಕನೆಯ ವಯಸ್ಸಿಗೆ ಭಾಷೆಯಲ್ಲಿ ತೀವ್ರವಾಗಿ ಹಿಂದುಳಿದಿದ್ದ 535 ಮಕ್ಕಳನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ ಹೊತ್ತಿಗೆ ಶೇ. 70ರಷ್ಟು ಮಕ್ಕಳು ಪದಗಳನ್ನು ಕೂಡಿಸಿ ಮಾತಾಡುತ್ತಿದ್ದರು, ಶೇ. 47ರಷ್ಟು ಮಕ್ಕಳು ಸರಾಗವಾಗಿ ಮಾತಾಡುತ್ತಿದ್ದರು.

ಮಾತಿಗಾಗಿ ಕಾಯುತ್ತಲೇ ಮಗುವಿಗೆ ಬೇರೆ ದಾರಿಯನ್ನೂ ತೆರೆಯಬೇಕು. ತಟ್ಟೆ, ಲೋಟ, ಚೆಂಡು, ಅಂಗಿಗಳ ಚಿತ್ರಗಳನ್ನು ರಟ್ಟಿಗೆ ಅಂಟಿಸಿ, ಬೇಕಾದುದರ ಚಿತ್ರವನ್ನು ಎತ್ತಿಕೊಡುವುದನ್ನು ಕಲಿಸುವ ಪದ್ಧತಿ 1985ರಿಂದ ರೂಪುಗೊಂಡು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಚಿತ್ರ ಮುಟ್ಟಿದರೆ ದನಿ ಬರುವ 'ಆವಾಜ್' ಎಂಬ ಸಾಧನ ನಮ್ಮ ನೆರೆಯ ಚೆನ್ನೈನಲ್ಲೇ ತಯಾರಾಗಿದೆ. ಚಿತ್ರ ಕೊಟ್ಟರೆ ಮಗು ಮಾತು ಕಲಿಯುವ ಗೋಜಿಗೇ ಹೋಗದು ಎಂಬ ಭಯ ಸಹಜ. 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಇಂಥ ಸಾಧನಗಳಿಂದ ಮಕ್ಕಳ ಮಾತು ಕುಗ್ಗಲಿಲ್ಲ, ಬಹುಪಾಲು ಮಕ್ಕಳಲ್ಲಿ ತುಸುವಾದರೂ ಹೆಚ್ಚಿತು ಎಂದು ತಿಳಿಸಿದೆ.

ಬಾಯಿಮಾತಿಗೂ ಒಳಗಿನ ಅರಿವಿಗೂ ಇರುವ ಅಂತರಕ್ಕೆ ನಮ್ಮ ನಾಡಿನಲ್ಲೇ ಬೆಳೆದ ಒಬ್ಬರ ಹೆಸರು ಜಗತ್ತಿಗೆ ಪರಿಚಿತವಾಗಿದೆ. ತಿತೋ ರಾಜರ್ಷಿ ಮುಖೋಪಾಧ್ಯಾಯ ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದವರು. ಮಾತು ತೀರ ಕಡಿಮೆಯಿದ್ದ ಈ ಬಾಲಕ ಎಂಟರಿಂದ ಹನ್ನೊಂದು ವರ್ಷದ ನಡುವೆ ಬರೆದ ಬರಹಗಳು 2000ದಲ್ಲಿ ಲಂಡನ್ನಿನಿಂದ ಪುಸ್ತಕವಾಗಿ ಪ್ರಕಟವಾದವು. ಅವರ ತಾಯಿ ಸೋಮಾ ಮಗನಿಗೆ ಅಕ್ಷರ ತೋರಿಸಿ ಕಲಿಸಿದ ಕ್ರಮ ಮುಂದೆ ಒಂದು ಪದ್ಧತಿಯ ಹೆಸರು ಪಡೆಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ದೊಡ್ಡವರು ಅಕ್ಷರಪಟವನ್ನು ಹಿಡಿದು ಪ್ರೇರೇಪಿಸುವಾಗ ಬರುವ ಮಾತು ಮಗುವಿನದೋ ಹಿಡಿದವರದೋ ಎಂಬ ಪ್ರಶ್ನೆಯಿಂದ ಅಮೆರಿಕೆಯ ವಾಕ್ ಮತ್ತು ಶ್ರವಣ ತಜ್ಞರ ಸಂಘ 2018ರಲ್ಲಿ ಆ ಪದ್ಧತಿಯನ್ನು ಶಿಫಾರಸು ಮಾಡಲಾಗದೆಂದು ಹೇಳಿತು. ತಿತೋ ಸ್ವತಃ ಬರೆಯಬಲ್ಲವರು. ಒಬ್ಬರ ಸಾಧನೆಯನ್ನು ಎಲ್ಲ ಮಕ್ಕಳಿಗೂ ಅನ್ವಯಿಸಿ ದುಬಾರಿ ತರಬೇತಿಗಳ ಹಿಂದೆ ಹೋಗದಿರುವುದು ಲೇಸು. ಮಾತಿಲ್ಲದ ಮಗುವಿನ ಮುಂದೆ ಅದರ ಬಗ್ಗೆ ಹಗುರವಾಗಿ ಆಡಬಾರದೆಂಬ ಪಾಠವನ್ನಂತೂ ಎಲ್ಲರೂ ಕಲಿಯಬಹುದು. ನಾಲಿಗೆ ಸುಮ್ಮನಿದ್ದರೂ ಕಿವಿ ಕೇಳುತ್ತಿರುತ್ತದೆ.

ನೆರವು ಎಲ್ಲಿದೆ?

ಈ ವಿಷಯದಲ್ಲಿ ಕರ್ನಾಟಕ ಬಡ ನಾಡಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ಕೆಲಸ ಮಾಡುತ್ತಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ತಜ್ಞರನ್ನು ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಕನ್ನಡದಲ್ಲಿ ಭಾಷಾ ಸಾಮರ್ಥ್ಯದ ಪರೀಕ್ಷೆಯನ್ನು ರೂಪಿಸಿದ ಡಾ. ಪ್ರತಿಭಾ ಕಾರಂತ ಅವರು ಬೆಂಗಳೂರಿನಲ್ಲಿ ಕಾಮ್ ಡೀಲ್ ಟ್ರಸ್ಟ್ ಕಟ್ಟಿ, ಪುಟ್ಟ ಮಕ್ಕಳನ್ನು ಶಾಲೆಗೆ ಸಿದ್ಧಗೊಳಿಸುವ ಕ್ರಮವನ್ನು ಬೆಳೆಸಿದ್ದಾರೆ.

ಆದರೆ ಮನಗೂಳಿಯಿಂದ ಬೆಂಗಳೂರು, ಮೈಸೂರುಗಳು ಐನೂರು ಕಿಲೋಮೀಟರಿಗೂ ದೂರ. ವಾರಕ್ಕೆರಡು ಬಾರಿ ಹೋಗಿಬರುವುದು ಕೂಲಿ ಮಾಡುವ ಕುಟುಂಬಕ್ಕೆ ಆಗದ ಮಾತು. ಆದುದರಿಂದ ಹತ್ತಿರದ ದಾರಿಯನ್ನು ಮೊದಲು ಹಿಡಿಯಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತೊಡಕುಗಳನ್ನು ಗುರುತಿಸಿ ಜಿಲ್ಲಾ ಮಟ್ಟಕ್ಕೆ ಕಳುಹಿಸುವುದು ಅದರ ಕೆಲಸ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ದಾರಿ ಸಿಗುತ್ತದೆ. ಮನಸ್ಸು ಕುಸಿದ ಹೆತ್ತವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಶಾಲೆಗೆ ಸಂಬಂಧಿಸಿದಂತೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರನ್ನು ಕೇಳಬೇಕು.

ಕಾನೂನಿನ ಬೆಂಬಲವೂ ಇದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಹೆಸರಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. 40 ಅಂಶಗಳ ಭಾರತೀಯ ಅಳತೆಗೋಲಿನಿಂದ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಶೇ. 40 ಮತ್ತು ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಇದೆ. ಮಗುವಿಗೆ ಹಣೆಪಟ್ಟಿ ಅಂಟೀತೆಂದು ಪ್ರಮಾಣಪತ್ರ ಮಾಡಿಸದೆ ಬಿಡುವವರು ಈ ಸೌಲಭ್ಯಗಳನ್ನೂ ಬಿಟ್ಟಂತಾಗುತ್ತದೆ.

ಊರಿನ ಹೊಣೆ

ಚಿಕಿತ್ಸಕರು ವಾರಕ್ಕೊಂದು ತಾಸು ಮಗುವಿನೊಡನೆ ಇದ್ದಾರು. ಉಳಿದ ಹೊತ್ತೆಲ್ಲ ಮಗು ಇರುವುದು ಮನೆಯಲ್ಲಿ, ಓಣಿಯಲ್ಲಿ, ಶಾಲೆಯಲ್ಲಿ, ಗುಡಿ ಮಠಗಳಲ್ಲಿ. ಕಾನರ್ ಕಂಡ ಮೊದಲ ಬಾಲಕ ಡೊನಾಲ್ಡ್ ಟ್ರಿಪ್ಲೆಟ್‌ರ ಬಾಳು ಇದಕ್ಕೆ ನಿದರ್ಶನ. ಅಮೆರಿಕೆಯ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವರಾದ ಅವರು ಕಾಲೇಜು ಓದಿದರು, ಊರಿನ ಬ್ಯಾಂಕಿನಲ್ಲಿ ದುಡಿದರು, ದೇಶವಿದೇಶ ಸುತ್ತಿದರು, 89 ವರ್ಷ ಬಾಳಿ 2023ರಲ್ಲಿ ತೀರಿಕೊಂಡರು. ಕುಟುಂಬಕ್ಕೆ ಅನುಕೂಲವಿತ್ತು ನಿಜ. ಅದರ ಜೊತೆಗೆ ಊರಿನ ಜನ ಅವರನ್ನು ತಮ್ಮವರೆಂದು ಕಾಪಾಡಿಕೊಂಡರೆಂಬುದನ್ನು ಅವರ ಬದುಕನ್ನು ಬರೆದವರೆಲ್ಲ ಹೇಳುತ್ತಾರೆ. ಮನಗೂಳಿಯೂ ಸಣ್ಣ ಊರೇ. ಒಬ್ಬರ ಮನೆಯ ಮಗು ಯಾವುದೆಂದು ಎಲ್ಲರಿಗೂ ಗೊತ್ತಿರುವ ಊರು.

ನಮ್ಮ ಜಾತ್ರೆಗಳಲ್ಲಿ ಡೊಳ್ಳು, ಕರಡಿ ಮಜಲು, ಧ್ವನಿವರ್ಧಕ, ಪಟಾಕಿಗಳ ನಡುವೆ ಮಗುವೊಂದು ಕಿವಿ ಮುಚ್ಚಿಕೊಂಡು ಚೀರಿದರೆ 'ಬೆಳೆಸಲು ಬಾರದ ಹೆತ್ತವರು' ಎಂದು ಹುಬ್ಬು ಗಂಟಿಕ್ಕುತ್ತೇವೆ. ಅನೇಕ ಆಟಿಸಂ ಮಕ್ಕಳಿಗೆ ಆ ಸದ್ದು ನಮಗೆ ಕೇಳುವುದಕ್ಕಿಂತ ಎಷ್ಟೋ ಕಠೋರವಾಗಿ ಕೇಳುತ್ತದೆ. ಆಗ ದಾರಿ ಬಿಟ್ಟುಕೊಟ್ಟು ಅವರನ್ನು ಸದ್ದಿಲ್ಲದ ಜಾಗಕ್ಕೆ ಕರೆದೊಯ್ಯುವುದು ಸೇವೆ. ದಾಸೋಹದ ಪಂಕ್ತಿಯಲ್ಲಿ ಕಾಯಲಾರದ ಮಗುವಿಗೆ ಮೊದಲು ಬಡಿಸುವುದು ಸೇವೆ. ಕಣ್ಣಿಗೆ ಕಣ್ಣಿಟ್ಟು ನೋಡಲಿಲ್ಲ, 'ಶರಣು' ಎನ್ನಲಿಲ್ಲ, ಪಾದ ಮುಟ್ಟಲಿಲ್ಲ ಎಂದು ಮಗುವಿನಲ್ಲಿ ಅವಿನಯ ಕಾಣದಿರುವುದೂ ಸೇವೆಯೇ. 'ಮೂಗ', 'ಹುಚ್ಚ', 'ಅರೆಬುದ್ಧಿ' ಎಂಬ ಪದಗಳನ್ನು ನಮ್ಮ ನಾಲಿಗೆಯಿಂದ ತೆಗೆದುಹಾಕುವುದು ಎಲ್ಲಕ್ಕಿಂತ ಮೊದಲು ಆಗಬೇಕು.

ಹರಕೆ ಹೊರುವ, ಪೂಜೆ ಮಾಡಿಸುವ ತಾಯಿಯ ನಂಬಿಕೆಯನ್ನು ನಾವು ಗೌರವಿಸುತ್ತೇವೆ. ಅದು ಆಕೆಗೆ ಧೈರ್ಯ ಕೊಡಲಿ. ಆದರೆ ಹರಕೆ ತೀರುವವರೆಗೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬೇಡಿರಿ. ಎರಡು ವರ್ಷ ತುಂಬಿದ ಮಗು ಎರಡು ಪದ ಕೂಡಿಸಿ ಆಡದಿದ್ದರೆ, ಅಮವಾಸ್ಯೆ ಹುಣ್ಣಿಮೆ ಎಣಿಸದೆ, ಇದೇ ವಾರ ಶ್ರವಣ ಪರೀಕ್ಷೆಗೆ ಕರೆದೊಯ್ಯಿರಿ. ನಿಮ್ಮ ಓಣಿಯಲ್ಲಿ ಅಂಥ ಮಗುವಿದ್ದರೆ ತಾಯಿಯೊಬ್ಬಳನ್ನೇ ಬಸ್ಸು ಹತ್ತಿಸದೆ ಜೊತೆಗೆ ಒಬ್ಬರು ಹೋಗಿರಿ.